ಹೊರಗೆ ಕಟ್ಟಿದ ನಡುಪಟ್ಟಿ

ಲಾಸ್ ತಾಲಾಸ್ ಕಾಲೊನಿ, ಎಂತ್ರೆ ರಿಯೊಸ್
23 ಜುಲೈ 1959, ಗುರುವಾರ

ತಮ್ಮ ನಹೂಮನಿಗೆ,

ಈವತ್ತು ತಮ್ಮೂಜ್ ತಿಂಗಳ ಹದಿನೇಳರ ಉಪವಾಸ. ಬೆಳಕು ಹರಿಯುವ ಮೊದಲೇ ಎದ್ದು ಹಾಲು ಕರೆದೆ. ಇಬ್ಬನಿ ಹೆಪ್ಪುಗಟ್ಟಿ ಹುಲ್ಲು ಕಾಲಡಿಯಲ್ಲಿ ಚಟಚಟ ಮುರಿಯುತ್ತಿತ್ತು. ಕ್ಯಾನುಗಳನ್ನು ಡೈರಿ ಗಾಡಿಗೆ ಏರಿಸಿ, ಕೋಳಿಗಳಿಗೆ ಜೋಳ ಚೆಲ್ಲಿ, ಒಲೆಯ ಬೂದಿ ತೆಗೆದು, ನಾಳೆಯ ಸಬ್ಬತ್ ರೊಟ್ಟಿಗೆ ಹಿಟ್ಟು ಜರಡಿ ಹಿಡಿದೆ. ಆಳು ಕಾಂಡಿದೊ ಸೋರೆಬುರುಡೆಯಿಂದ ಬಿಸಿ ಯೆರ್ಬಾ ಕಷಾಯ ಹೀರುತ್ತಾ ನನ್ನನ್ನೇ ನೋಡಿ, "ಈ ಚಳೀಲಿ ಒಂದು ಗುಟುಕು ಬಿಸೀದು ಕುಡಿದ್ರೆ ನಿಮ್ಮ ಯೆಹೂದಿ ದೇವರು ಮುನಿಸ್ಕೋತಾನಾ, ಅಮ್ಮಾ?" ಅಂದ. "ಅವನು ಮುನಿಸ್ಕೊಳ್ಳಲ್ಲ ಕಣೋ, ನನ್ನ ಮೇಲೆ ನಾನೇ ಮುನಿಸ್ಕೋತೀನಿ" ಅಂದೆ.

ನಿನ್ನ ಪತ್ರಕ್ಕೆ ಉತ್ತರ ಬರೆಯಲು ಕೂತು ಎರಡು ಸಲ ಎದ್ದೆ. ಒಮ್ಮೆ ಗಾಳಿಗೆ ಮಾಡಿನ ತಗಡು ಬಡಿಯಿತು ಎಂದು, ಇನ್ನೊಮ್ಮೆ ಕಾರಣವೇ ಇಲ್ಲದೆ.

ನಮ್ಮ ಮಂದಿರದ ದೊಡ್ಡ ತೋರಾ ಸುರುಳಿಯನ್ನು, ಚರ್ಮದ ಮೇಲೆ ಬರೆದ ನಮ್ಮ ಧರ್ಮಗ್ರಂಥವನ್ನು, ನಿನ್ನ ಸಂಘದವರು ಬ್ಯೂನಸ್ ಐರಿಸ್‌ನಲ್ಲಿ ತೆರೆಯುವ ಸಂಗ್ರಹಾಲಯಕ್ಕೆ ಕೊಡಬೇಕು, ಗಾಜಿನ ಪೆಟ್ಟಿಗೆಯಲ್ಲಿ ದೀಪ ಹಾಕಿ ಇಡುತ್ತಾರೆ ಎಂದು ಬರೆದಿದ್ದೀಯ. ಈ ಉಪವಾಸ ಯಾಕೆ ಎಂದು ಅಪ್ಪ ನಮ್ಮಿಬ್ಬರಿಗೂ ಹೇಳಿಕೊಟ್ಟದ್ದು ನೆನಪಿದೆಯೆ? ಯೆರೂಸಲೇಮಿನ ಗೋಡೆ ಒಡೆದ ದಿನ, ಒಬ್ಬ ದುಷ್ಟ ಸುರುಳಿಯನ್ನು ಬೆಂಕಿಗೆ ಹಾಕಿದ ದಿನ. ನೀನು ದುಷ್ಟ ಎಂದು ನಾನು ಹೇಳುತ್ತಿಲ್ಲ. ನೀನು ಹಾಕುವುದು ಬೆಂಕಿಗಲ್ಲ, ಗಾಜಿಗೆ.

ಅಜ್ಜ ಅದನ್ನು ಪೊಡೋಲಿಯಾದಿಂದ ಹಡಗಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದರು. ಇಲ್ಲಿ ಮನೆಗಳೇ ಇರದ ಮೊದಲ ವರ್ಷ ಗುಡಾರದಲ್ಲಿ ಓದಿದರು. ಮಿಡತೆಯ ವರ್ಷ ಸುರುಳಿ ಇಡುವ ಕಪಾಟಿನ ಬಿರುಕುಗಳಿಗೆ ಮೇಣ ಮೆತ್ತಿ ಕಾದರು. ಓದುವುದಕ್ಕೆಂದೇ ಅಷ್ಟೆಲ್ಲ ಪಾಡುಪಟ್ಟರು.

ಅದನ್ನು ಈಗ ಓದುವುದಿಲ್ಲ ಎಂದು ನೀನು ಬರೆದಿರುವುದು ಸುಳ್ಳಲ್ಲ. ಮೊನ್ನೆ ನಾನು ಕಪಾಟಿನ ಬಾಗಿಲು ಒರೆಸುತ್ತಿದ್ದಾಗ ಕಾಂಡಿದೊ ಹೊಸ್ತಿಲಲ್ಲಿ ನಿಂತು ಇಣುಕಿ, "ಚಿಕ್ಕ ಸುರುಳೀಗೆ ಅಂಗಿ ಒಳಗೆ ಪಟ್ಟಿ. ಹಿಂದಿರೋ ದೊಡ್ಡದಕ್ಕೆ ಅಂಗಿ ಮೇಲೆ ಪಟ್ಟಿ. ಯಾಕಮ್ಮಾ ಹಂಗೆ?" ಎಂದು ಕೇಳಿದ. ಸುರುಳಿಯನ್ನು ಬಿಗಿಯುವ ನಡುಪಟ್ಟಿ ಬಟ್ಟೆಯ ಅಂಗಿಯೊಳಗೆ ಇರಬೇಕು, ಸುರುಳಿಯಲ್ಲಿ ದೋಷ ಕಂಡರೆ ಹೀಗೆ ಹೊರಗೆ ಕಟ್ಟಿಡುತ್ತೇವೆ, ಯಾರೂ ಮರೆತು ಓದಲು ತೆಗೆಯದಿರಲಿ ಎಂದು, ಅಂತ ಹೇಳಿದೆ. "ಏನು ದೋಷ?" ಅಂದ. ನನಗೆ ಗೊತ್ತಿರಲಿಲ್ಲ. ಮಂದಿರದಲ್ಲಿ ಸುರುಳಿ ಓದುವ ಹೆಶೆಲಣ್ಣನನ್ನು ಕೇಳಿದೆ, ಅವನಿಗೂ ಗೊತ್ತಿಲ್ಲ. ಹೊಳೆ ಉಕ್ಕಿದ ವರ್ಷ ನೀರು ಹೊಕ್ಕಿರಬೇಕು ಎಂದ. ನಿನಗೆ ಗೊತ್ತಿದ್ದರೆ ಬರೆ.

ಮುದುಕ ಷ್ಮೆರೆಲ್ ಪಾಸ್ಕ ಹಬ್ಬದಲ್ಲಿ ತೀರಿಕೊಂಡ ಮೇಲೆ ಪ್ರಾರ್ಥನಾಮಂದಿರದ ಬೀಗದ ಕೈ ನನ್ನ ಬಳಿ ಇದೆ. ಗುರುವಾರ ಬೆಳಗ್ಗೆ ಗಂಡಸರು ಪ್ರಾರ್ಥನೆಗೆ ಬರುತ್ತಾರೆ, ಈವತ್ತೂ ಬಂದಿದ್ದರು. ಸ್ವಲ್ಪ ದಿನ ಈ ಮಾತು ಬಿಡು.

ನಿನ್ನ ಅಕ್ಕ
ಮಿರೆಲ್

*

ಬ್ಯೂನಸ್ ಐರಿಸ್
2 ಆಗಸ್ಟ್ 1959

ಪ್ರೀತಿಯ ಅಕ್ಕಾ,

ನಿನ್ನ ಪತ್ರ ಓದಿ ನಕ್ಕೆ. ಹೆಂಡತಿಗೂ ಓದಿ ಹೇಳಿದೆ, ಅವಳು ನಗಲಿಲ್ಲ. "ನಿಮ್ಮಕ್ಕ ಬೈದಿರೋದು ನಿಮಗೆ ಅರ್ಥವಾಗ್ಲಿಲ್ಲ" ಅಂದಳು. ನಾನು ದುಷ್ಟನಲ್ಲಕ್ಕಾ, ಮಂಚ ಕುರ್ಚಿ ಮಾರುವವನು. ಭಾನುವಾರ ಮಾತ್ರ ಸಂಘಕ್ಕೆ ಹೋಗುತ್ತೇನೆ. ಅಲ್ಲಿ ದೊಡ್ಡ ದೊಡ್ಡ ಕನ್ನಡಕದವರು ಕೂತು ಕಾಲೊನಿಗಳ ಹಳೆಯ ನೇಗಿಲು, ಹಳೆಯ ಸಮೋವಾರ್, ಹಳೆಯ ಫೋಟೊಗಳನ್ನು ಒಟ್ಟುಮಾಡುತ್ತಿದ್ದಾರೆ. ನಮ್ಮ ಊರಿನದು ಒಂದೂ ಇಲ್ಲ. "ಲಾಸ್ ತಾಲಾಸ್ ಅಂತ ಊರಿತ್ತಾ?" ಎಂದು ಒಬ್ಬ ಕೇಳಿದ. ಇತ್ತಾ ಅಂತೆ! ಆಗ ಎದ್ದು ನಿಂತು ಸುರುಳಿಯ ಮಾತು ಹೇಳಿದೆ.

ಅಕ್ಕಾ, ದೋಷವಿರುವ ಸುರುಳಿ ಕಪಾಟಿನ ಹಿಂದೆ ಕತ್ತಲಲ್ಲಿ ಯಾರಿಗಾಗಿ ನಿಂತಿರಬೇಕು? ಇಲ್ಲಾದರೆ ಶಾಲೆಯ ಮಕ್ಕಳು ಬಂದು ನೋಡುತ್ತಾರೆ. ಓದಲು ನಿಮಗೆ ಚಿಕ್ಕದು ಇದ್ದೇ ಇದೆ. ಯಾವ ದೋಷ ಎಂದು ನನಗೂ ಗೊತ್ತಿಲ್ಲ. ನಾನು ಆ ವರ್ಷವೇ ಊರು ಬಿಟ್ಟವನು. ಎಲ್ಲರೂ ನೀರು ಎನ್ನುತ್ತಿದ್ದರು.

ಪೆಟ್ಟಿಗೆಯ ಪಕ್ಕ ಇಡುವ ಫಲಕಕ್ಕೆ ನಾನೇ ಬರೆದುಕೊಟ್ಟಿದ್ದೇನೆ. ನಿನಗೆ ಸಂತೋಷವಾಗುತ್ತದೆ ಎಂದು ಇಲ್ಲಿ ನಕಲು ಮಾಡುತ್ತೇನೆ: "ಪೊಡೋಲಿಯಾದಿಂದ ಬಂದ ಸುರುಳಿ. ಪ್ರವಾಹದ ವರ್ಷ ಗೆಟ್ಸೆಲ್ ಎಂಬ ರೈತ ಇದನ್ನು ಹೊಳೆ ದಾಟಿಸುವಾಗ ನೆನೆದು ಕೆಟ್ಟಿತು. ಅಂದಿನಿಂದ ಓದುವುದಿಲ್ಲ." ಭಾವನ ಹೆಸರು ರಾಜಧಾನಿಯಲ್ಲಿ ಅಚ್ಚಾಗುತ್ತದೆ, ನೋಡು!

ಬೇಗ ಉತ್ತರ ಬರೆ. ಹೂಂ ಅಂದರೆ ಸಾಕು.

ನಿನ್ನ ನಹೂಮ್

*

ಲಾಸ್ ತಾಲಾಸ್
14 ಆಗಸ್ಟ್ 1959, ಶುಕ್ರವಾರ

ನಹೂಮ್,

ಅವ್ ತಿಂಗಳ ಒಂಬತ್ತರ ಉಪವಾಸ ನಿನ್ನೆ ಮುಗಿಯಿತು. ನೆಲದ ಮೇಲೆ ಕೂತು ಸೊಂಟ ಹಿಡಿದಿದೆ, ರೊಟ್ಟಿ ಒಲೆಯಲ್ಲಿದೆ, ಹೆಚ್ಚು ಬರೆಯುವುದಿಲ್ಲ.

ನನ್ನ ಗಂಡನ ಹೆಸರಿನ ಪಕ್ಕ "ಕೆಟ್ಟಿತು" ಎಂದು ಬರೆದಿದ್ದೀಯ. ಈ ಊರಲ್ಲಿ ಆ ಮಾತನ್ನು ಹತ್ತೊಂಬತ್ತು ವರ್ಷದಿಂದ ನನ್ನ ಎದುರು ಯಾರೂ ಆಡಿಲ್ಲ, ಬೆನ್ನ ಹಿಂದೆ ಎಲ್ಲರೂ ಆಡಿದ್ದಾರೆ. ಬಾವಿಯ ಹತ್ತಿರ ನಾನು ಹೋದರೆ ಹೆಂಗಸರು ಹವಾಮಾನ ಮಾತಾಡಲು ಶುರುಮಾಡುತ್ತಿದ್ದರು. ಮಂದಿರದ ಹೊಸ್ತಿಲವರೆಗೂ ನೀರು ಬಂದಾಗ ಕುದುರೆ ಹತ್ತಿ ಹೋದವರು ಅವರೊಬ್ಬರೇ. ಬೇರೆ ಗಂಡಸರು ತಮ್ಮ ತಮ್ಮ ಹಸು ಬಿಚ್ಚುತ್ತಿದ್ದರು. ಅವರನ್ನು ನಾನು ಬೈಯುವುದಿಲ್ಲ, ಹಸು ಇಲ್ಲದೆ ಬದುಕಲಾಗುತ್ತದೆಯೆ? ಆದರೆ ಎದೆಮಟ್ಟ ನೀರಿನಲ್ಲಿ ಸುರುಳಿ ತಂದವರು, ಆ ವಾರವೇ ಜ್ವರದಲ್ಲಿ ಹೋದವರು ನಮ್ಮವರು.

ನಿನಗೆ ಫಲಕ ಬೇಕಿದ್ದರೆ ನಿನ್ನ ಮಂಚ ಕುರ್ಚಿಗೆ ಹಾಕಿಕೋ.

ಮಿರೆಲ್

*

ಬ್ಯೂನಸ್ ಐರಿಸ್
25 ಆಗಸ್ಟ್ 1959

ಅಕ್ಕಾ,

ಸರಿ, ತಪ್ಪಾಯಿತು. "ಕೆಟ್ಟಿತು" ತೆಗೆಸಿ "ಹಾನಿಗೊಂಡಿತು" ಎಂದು ಮಾಡಿಸಿದ್ದೇನೆ. ಇದು ಮರ್ಯಾದೆಯ ಮಾತು. ನಿನ್ನ ಸಿಟ್ಟು ಇಳಿಯಿತೆ?

ಸುರುಳಿಯ ಅಂಗಿ ಹರಿದಿರಬೇಕು, ಅದನ್ನು ಹಾಗೆ ಕಳಿಸಲು ನಿನಗೆ ನಾಚಿಕೆ ಎಂಬುದು ನನಗೆ ಹೊಳೆಯದೆ ಹೋಯಿತು. ಹೆಂಗಸರ ಮನಸ್ಸು ಹೆಂಡತಿ ಹೇಳಿಕೊಡಬೇಕಾಯಿತು (ನಿಜ ಹೇಳಬೇಕೆಂದರೆ ಅವಳು ಬೇರೇನೋ ಹೇಳಿದಳು, ನಾನು ಇಷ್ಟು ಅರ್ಥ ಮಾಡಿಕೊಂಡೆ). ಅದಕ್ಕೇ ಈ ರೈಲಿನಲ್ಲಿ ನೀಲಿ ಮಖಮಲ್ಲು ಕಳಿಸುತ್ತಿದ್ದೇನೆ. ಒಳ್ಳೆಯದು, ಸೋಫಾಗೆ ತರಿಸಿದ್ದು. ಹಳೆಯ ಅಂಗಿ ಬಿಚ್ಚಿ ಹೊಸದನ್ನು ಹೊಲಿ. ಬಿಚ್ಚಿದಾಗ ಉದ್ದ, ಸುತ್ತಳತೆ ಒಂದು ದಾರದಲ್ಲಿ ಹಿಡಿದು ದಾರವನ್ನೇ ಲಕೋಟೆಯಲ್ಲಿ ಹಾಕಿ ಕಳಿಸು, ಬಡಗಿಗೆ ಪೆಟ್ಟಿಗೆಯ ಅಳತೆ ಬೇಕು.

ಗಂಡಸರು ಗುರುವಾರ ಸೇರುತ್ತಾರೆ ಎಂದು ಓದಿ ಸಂತೋಷವಾಯಿತು. ಊರು ಇನ್ನೂ ಗಟ್ಟಿಯಾಗಿದೆ ಎಂದು ಸಂಘದಲ್ಲಿ ಹೇಳಿದೆ.

ನಹೂಮ್

*

ಲಾಸ್ ತಾಲಾಸ್
7 ಸೆಪ್ಟೆಂಬರ್ 1959, ಸೋಮವಾರ

ತಮ್ಮಾ,

ದಾರ ಕಳಿಸುತ್ತಿಲ್ಲ. ಏನಾಯಿತು ಎಂದು ಮೊದಲಿನಿಂದ ಬರೆಯುತ್ತೇನೆ.

ಎಲೂಲ್ ತಿಂಗಳು ಹುಟ್ಟಿದೆ. ಹೆಶೆಲಣ್ಣ ದಿನಾ ಬೆಳಗ್ಗೆ ಟಗರಿನ ಕೊಂಬು ಊದುತ್ತಾನೆ, ಊರ ನಾಯಿಗಳೆಲ್ಲ ಅವನ ಜೊತೆ ಊಳಿಡುತ್ತವೆ. ಈವತ್ತು ಊದಿ ಮುಗಿಸಿದ ಮೇಲೆ ಅವನನ್ನು ನಿಲ್ಲಿಸಿಕೊಂಡೆ. ಸುರುಳಿ ಭಾರ, ಒಬ್ಬಳಿಂದ ಬಟ್ಟೆ ಬದಲಿಸಲಾಗದು.

"ಹೆಶೆಲಣ್ಣಾ, ನೀನು ಹಿಡ್ಕೋ, ನಾನು ಬಿಚ್ತೀನಿ."

"ಕಾಯಿಲೆಯವನಿಗೆ ಹೊಸ ಬಟ್ಟೇನಾ? ಮಖಮಲ್ಲು ಬೇರೆ! ನನಗೆ ಮದುವೇಲೂ ಇಂಥದ್ದು ಹಾಕ್ಲಿಲ್ಲ."

"ಮಾತು ಕಡಿಮೆ ಮಾಡಿ ಗಟ್ಟಿಯಾಗಿ ಹಿಡಿ."

ಕಿಟಕಿಯ ಹತ್ತಿರ ಮೇಜಿನ ಮೇಲೆ ಒರಗಿಸಿದೆವು. ಹೆಂಗಸರ ಜಾಗದಿಂದ ಇಷ್ಟು ವರ್ಷ ದೂರದಿಂದ ಕಂಡದ್ದು ಕಪ್ಪಗೆ ಒಂದು ಪಟ್ಟಿ, ಅಷ್ಟೆ. ಹತ್ತಿರದಿಂದ ನೋಡಿದರೆ ಉಣ್ಣೆಯದು. ಅಗಲವಾದದ್ದು. ಸುರುಳಿಗೆ ಯಾರು ಉಣ್ಣೆಯ ಪಟ್ಟಿ ಕಟ್ಟುತ್ತಾರೆ? ಗಂಟು ಕುದುರೆಯವರ ಗಂಟು. ಬಿಚ್ಚುವಾಗ ತುದಿಯ ಹತ್ತಿರ ಕೆಂಪು ದಾರದ ರಫು ಬೆರಳಿಗೆ ತಾಕಿತು.

ನಹೂಮ್, ಆ ರಫು ನಾನು ಹಾಕಿದ್ದು. ಮನೆಯಲ್ಲಿ ಕಪ್ಪು ದಾರ ಇರಲಿಲ್ಲ. "ಕೆಂಪು ಹಾಕಿ ನನ್ನನ್ನ ಕೋಡಂಗಿ ಮಾಡ್ದೆ" ಎಂದು ಅವರು ನಕ್ಕಿದ್ದರು. ಅದು ಸುರುಳಿಯ ನಡುಪಟ್ಟಿಯಲ್ಲ. ನಮ್ಮವರ ಸೊಂಟದ ಪಟ್ಟಿ.

ಹೆಶೆಲಣ್ಣನೇ ಅಂಗಿಯನ್ನು ಮೇಲಕ್ಕೆ ಎಳೆದ. ಒಳಗೆ ಸುರುಳಿಯ ಸ್ವಂತ ಪಟ್ಟಿ, ಅಜ್ಜಿ ನೇಯ್ದ ಬಿಳಿಯದು, ಎಲ್ಲಿರಬೇಕೋ ಅಲ್ಲೇ ಇತ್ತು. ಬಿಗಿಯಾಗಿ, ಸರಿಯಾಗಿ.

"ಮಿರೆಲ್ ತಂಗೀ," ಅಂದ ಅವನು, ಅವನ ಧ್ವನಿಯೇ ಬದಲಾಗಿತ್ತು, "ದೋಷ ಇದ್ದಿದ್ರೆ ಈ ಪಟ್ಟೀನ ಹೊರಗೆ ತಂದು ಕಟ್ತಿದ್ರು. ಇದು ಒಳಗೇ ಇದೆ."

ಕುದುರೆಯ ಮೇಲೆ ಜಾರದಿರಲಿ ಎಂದು ಅವರು ತಮ್ಮ ಸೊಂಟದಿಂದ ಬಿಚ್ಚಿ ಅಂಗಿಯ ಮೇಲೆ ಬಿಗಿದು, ತುದಿಯನ್ನು ತಮ್ಮ ಹೆಗಲಿಗೆ ಕಟ್ಟಿಕೊಂಡಿದ್ದಾರೆ. ನೀರು ಇಳಿದ ಮೇಲೆ ವಾಪಸು ತಂದು ಕಪಾಟಿನಲ್ಲಿ ಇಟ್ಟಿದ್ದಾರೆ. ಮಲಗಿದ್ದಾರೆ. ಜ್ವರ ಏರಿದ ದಿನ ನಾನು "ಪಟ್ಟಿ ಎಲ್ಲಿ ಬಿಟ್ಟು ಬಂದ್ರಿ?" ಎಂದು ಕೇಳಿದ್ದೆ. "ಅದು ಇರ್ಬೇಕಾದ ಕಡೆ ಇದೆ" ಅಂದರು. ಜ್ವರದ ಮಾತು ಅಂದುಕೊಂಡೆ. ಅವರನ್ನು ಮಣ್ಣು ಮಾಡಿ ಬಂದ ಗಂಡಸರು ಪ್ರಾರ್ಥನೆಗೆ ಕಪಾಟು ತೆರೆದರು. ಅಂಗಿಯ ಮೇಲೆ ಪಟ್ಟಿ ಕಂಡಿತು. ದೋಷ ನೋಡಿದವನು ಸತ್ತಿದ್ದಾನೆ, ಗುರುತು ಬಿಟ್ಟು ಹೋಗಿದ್ದಾನೆ ಎಂದುಕೊಂಡು ಹಿಂದಕ್ಕೆ ಸರಿಸಿದರು. ಇವರು ನೋಡಿದ್ದಾರೆ ಎಂದು ಅವರು, ಅವರು ನೋಡಿದ್ದಾರೆ ಎಂದು ಇವರು. ಬಿಚ್ಚಿ ನೋಡಿದವರು ಒಬ್ಬರೂ ಇಲ್ಲ.

ಹೆಶೆಲಣ್ಣ ಕೂತುಬಿಟ್ಟ. "ಆರೋಗ್ಯವಾಗಿದ್ದವನನ್ನ ಹತ್ತೊಂಬತ್ತು ವರ್ಷ ಆಸ್ಪತ್ರೇಲಿ ಮಲಗಿಸಿದ್ವಲ್ಲಮ್ಮ" ಅಂದ.

ಆರೋಗ್ಯವಾಗಿದೆಯೇ ಇಲ್ಲವೇ ನಮಗೆ ಹೇಳಲು ಬಾರದು. ಹಬ್ಬಕ್ಕೆ ಮೊದಲು ಬಾಗಿಲ ಚೌಕಟ್ಟಿಗೆ ಬಡಿದ ಚರ್ಮದ ಚೀಟಿಗಳ ವಚನಗಳನ್ನು ಪರೀಕ್ಷಿಸಲು ಲಿಪಿಕಾರ ರೆಬ್ ಫೀವೆಲ್ ಪಾರಾನಾದಿಂದ ಬರುತ್ತಾರಲ್ಲ, ಅವರಿಗೆ ತೋರಿಸುತ್ತೇನೆ. ಅಲ್ಲಿಯವರೆಗೆ ನಿನ್ನ ಬಡಗಿ ಬೇರೆ ಏನಾದರೂ ಮಾಡಿಕೊಂಡಿರಲಿ.

ಅಕ್ಕ

*

ತಂತಿ
12 ಸೆಪ್ಟೆಂಬರ್ 1959

ಸುರುಳಿ ಯಾರಿಗೂ ಬಿಚ್ಚಲು ಕೊಡಬೇಡ. ಪತ್ರ ಬರುತ್ತಿದೆ. ನಹೂಮ್

*

ಬ್ಯೂನಸ್ ಐರಿಸ್
13 ಸೆಪ್ಟೆಂಬರ್ 1959

ಅಕ್ಕಾ,

ಪಟ್ಟಿಯ ವಿಷಯ ಓದಿದೆ. ಭಾವನ ಸೊಂಟದಲ್ಲಿ ಆ ಕೆಂಪು ರಫು ನೋಡಿದ ನೆನಪು ನನಗೂ ಇದೆ. ಆದರೆ ನೀನು ಬಯಸಿದ್ದು ನಿನ್ನ ಕಣ್ಣಿಗೆ ಕಂಡಿರಬಹುದಲ್ಲವೆ? ನೀರು ಒಳಗೆ ಹೊಕ್ಕಿದ್ದರೆ? ಆ ಲಿಪಿಕಾರ ಬಿಚ್ಚಿ, ಕಣ್ಣು ಕಿರಿದು ಮಾಡಿ, "ಹೌದಮ್ಮ, ಕೆಟ್ಟಿದೆ" ಅಂದರೆ ಆಗ ಏನು ಮಾಡುತ್ತೀ? ಈಗ ಅನುಮಾನವಾದರೂ ಇದೆ. ಅನುಮಾನದಲ್ಲಿ ಭಾವನಿಗೆ ಜಾಗ ಇದೆ.

ಇನ್ನೊಂದು ಮಾತು. ನಿನಗೆ ಮೊದಲೇ ಹೇಳಬೇಕಿತ್ತು. ಆಮಂತ್ರಣ ಪತ್ರಿಕೆ ಅಚ್ಚಾಗಿದೆ. ಸುರುಳಿಯ ಹೆಸರೇ ಅದರ ಮೇಲಿದೆ. ನಿನ್ನನ್ನು ಕೇಳುವ ಮೊದಲೇ, ಆ ಕನ್ನಡಕದವನು "ಊರಿತ್ತಾ" ಅಂದ ದಿನವೇ, ನಾನು ಕೊಡುತ್ತೇನೆ ಅಂದುಬಿಟ್ಟಿದ್ದೆ. ಹಬ್ಬಗಳು ಮುಗಿದ ಮೇಲೆ ಲಾರಿ ಬರುತ್ತದೆ.

ಬಿಚ್ಚಬೇಡ ಅಕ್ಕಾ. ನಿನ್ನ ಒಳ್ಳೆಯದಕ್ಕೆ ಹೇಳುತ್ತಿದ್ದೇನೆ.

ನಹೂಮ್

*

ಲಾಸ್ ತಾಲಾಸ್
23 ಸೆಪ್ಟೆಂಬರ್ 1959, ಬುಧವಾರ

ತಮ್ಮಾ,

ನಿನ್ನ ತಂತಿ ಬಂದಾಗ ನಾನು ಆಗಲೇ ರೆಬ್ ಫೀವೆಲ್‌ಗೆ ಹೇಳಿ ಕಳಿಸಿದ್ದೆ. ಹೇಳಿ ಕಳಿಸಿರದಿದ್ದರೂ ಕಳಿಸುತ್ತಿದ್ದೆ. ಅನುಮಾನದಲ್ಲಿ ಜಾಗ ಇದೆ ಅಂತೀಯ. ಆ ಜಾಗದಲ್ಲಿ ನಾನು ಇಷ್ಟು ವರ್ಷ ಇದ್ದೆ ತಮ್ಮಾ, ಅಲ್ಲಿ ಮಲಗಲು ಆಗುವುದಿಲ್ಲ.

ಭಾನುವಾರ ಡೈರಿ ಗಾಡಿಯಲ್ಲಿ ಬಂದರು. ಒಣಕಲು ಮನುಷ್ಯ, ಮೊಣಕೈಯವರೆಗೆ ತೋಳು ಮಡಚಿ, ಹೊಳೆಗೆ ಹೋಗಿ ಮುಳುಗಿ ಬಂದು, ಆಮೇಲೆ ಮೇಜಿಗೆ ಬಿಳಿ ಬಟ್ಟೆ ಹಾಸಿಸಿದರು. ಹೆಶೆಲಣ್ಣ ಒಂದು ಹಿಡಿಕೆ ಸುತ್ತುತ್ತಾ ಹೋದ, ಅವರು ಇನ್ನೊಂದನ್ನು ಬಿಚ್ಚುತ್ತಾ ಬಂದರು, ಒಂದೊಂದು ಸಾಲಿನ ಮೇಲೂ ಗರಿಯ ತುದಿ ಸರಿಸುತ್ತಾ. ನಾನು ಬಾಗಿಲಲ್ಲಿ ನಿಂತೆ. ಕೆಲಸ ಬಿಟ್ಟು ನಿಂತೆ. ಹಸುಗಳು ಕರೆದವು, ಹೋದೆ, ಮತ್ತೆ ಬಂದು ನಿಂತೆ.

"ಅಮ್ಮಾ, ನೀವು ಹೀಗೆ ಬಂದು ಹೋಗಿ ಮಾಡಿದ್ರೆ ಗಾಳಿ ಬರುತ್ತೆ, ಚರ್ಮ ಹಾರುತ್ತೆ. ಒಳಗಿರಿ, ಇಲ್ಲಾ ಹೊರಗಿರಿ" ಎಂದು ಗದರಿದರು.

"ಒಂದು ಮಾತು ಹೇಳಿಬಿಡಿ, ಹೊರಗಿರ್ತೀನಿ. ನೀರು ಹೊಕ್ಕಿದೆಯಾ?"

"ಅರ್ಧಕ್ಕೆ ಹೇಳೋನಲ್ಲ ನಾನು."

ಹೇಳಲೇ ಇಲ್ಲ. ಸೋಮವಾರವೂ ಇಲ್ಲ. ಮಂಗಳವಾರ ಹೆಶೆಲಣ್ಣನ ಹೆಂಡತಿ ಕೋಳಿಸಾರು ಮಾಡಿ ಬಡಿಸಿ, "ಉಪ್ಪು ಸರಿಯಿದೆಯಾ ರೆಬ್ಬೇ? ಸುರುಳಿ ಸರಿಯಿದೆಯಾ?" ಎಂದು ಒಂದೇ ಉಸಿರಿಗೆ ಕೇಳಿದಳು. "ಉಪ್ಪು ಜಾಸ್ತಿ" ಅಂದರು, ಅಷ್ಟೆ.

ಈವತ್ತು ಬೆಳಗ್ಗೆ ಕೊನೆಯ ಹಾಳೆ ಮುಗಿಯಿತು. ನನ್ನನ್ನು ಒಳಕ್ಕೆ ಕರೆದರು. ಒಂದು ಕಡೆ ಎರಡು ಹಾಳೆ ಕೂಡಿಸಿದ ಹೊಲಿಗೆ ಸಡಿಲವಾಗಿತ್ತು, ನರದ ದಾರದಿಂದ ಬಿಗಿದಿದ್ದೇನೆ ಅಂದರು. ಅಂಚಿನಲ್ಲಿ ಮೇಣದ ಹನಿ ಇತ್ತು, ಕೆರೆದು ತೆಗೆದಿದ್ದೇನೆ ಅಂದರು.

"ನೀರು?" ಅಂದೆ.

"ಎಲ್ಲಿಯ ನೀರಮ್ಮಾ? ಇದನ್ನ ತಂದೋನು ತಾನು ನೆನೆದಿರ್ಬೇಕು, ಇದಕ್ಕೆ ಹನಿ ತಾಕಿಸಿಲ್ಲ. ಅಕ್ಷರ ಎಲ್ಲ ನಿಂತಲ್ಲೇ ನಿಂತಿವೆ. ನಾಳೆ ಬೇಕಾದ್ರೂ ಓದಿ."

ಹೆಶೆಲಣ್ಣ ಗೋಡೆಯ ಕಡೆ ತಿರುಗಿ ನಿಂತ. ಅವನ ಹೆಂಡತಿ ಓಡಿಬಂದು ನನ್ನ ಎರಡೂ ಕೈ ಹಿಡಿದು, "ಮಿರೆಲಕ್ಕಾ, ಬಾವಿ ಹತ್ರ ನಾನೂ ಆಡಿದ್ದೆ ಕಣೇ" ಅಂದಳು. "ಗೊತ್ತು ಕಣೇ, ನಿನ್ನ ಧ್ವನಿ ದೊಡ್ಡದು" ಅಂದೆ. ಇಬ್ಬರೂ ಅತ್ತೆವು, ನಕ್ಕೆವು.

ಸುರುಳಿಗೆ ನಿನ್ನ ಮಖಮಲ್ಲಿನ ಅಂಗಿ ತೊಡಿಸಿ, ಪಟ್ಟಿ ಒಳಗೇ ಇಟ್ಟು, ಕಪಾಟಿನಲ್ಲಿ ಮುಂದಕ್ಕೆ ನಿಲ್ಲಿಸಿದೆವು. ಮಧ್ಯಾಹ್ನ ರೆಬ್ ಫೀವೆಲ್ ಗಾಡಿ ಹತ್ತಿದರು. ನಾನು ಗೇಟಿನವರೆಗೆ ಹಿಂದೆ ಓಡಿ, ನಾಳೆ ಒಂದು ಗುರುವಾರ ಇದ್ದು ಹೋಗಿ ಎಂದು ಕೇಳಿಕೊಂಡೆ. ಬೇರೆ ಕಾಲೊನಿಗಳು ಕಾಯುತ್ತಿವೆ, ಹಬ್ಬ ತಲೆಯ ಮೇಲಿದೆ ಎಂದರು. ಹೋದರು.

ಅಕ್ಕ

*

ಬ್ಯೂನಸ್ ಐರಿಸ್
30 ಸೆಪ್ಟೆಂಬರ್ 1959

ನನ್ನ ಬಂಗಾರದ ಅಕ್ಕಾ,

ಹೊಸ ವರ್ಷ ನಿನಗೆ ಸಿಹಿಯಾಗಿರಲಿ. ನಿನ್ನ ಪತ್ರ ಓದಿ ಅಂಗಡಿಯಲ್ಲೇ ಕೂಗಿದೆ. ಮಂಚ ನೋಡುತ್ತಿದ್ದ ಗಿರಾಕಿ ಹೆದರಿ ಹೋದ, ಹೋಗಲಿ ಬಿಡು. ಸಂಘಕ್ಕೆ ಓಡಿ ಹೇಳಿದೆ. ಅವರ ಸಂಭ್ರಮ ನೋಡಬೇಕಿತ್ತು! ದೋಷವಿಲ್ಲದ ಸುರುಳಿ, ಪ್ರವಾಹದಿಂದ ಪಾರಾದದ್ದು, ಅದಕ್ಕೆ ಕಟ್ಟಿದ ರೈತನ ಪಟ್ಟಿ. ಪಟ್ಟಿಯೂ ಬೇಕಂತೆ, ಪಕ್ಕದಲ್ಲೇ ಇಡುತ್ತಾರಂತೆ. ಸಭಾಂಗಣದ ನಡುವಿನ ಪೆಟ್ಟಿಗೆಯನ್ನೇ ಕೊಡುತ್ತಾರೆ. ಫಲಕ ಹೊಸದಾಗಿ ಬರೆದೆ: "ಗೆಟ್ಸೆಲ್ ಉಳಿಸಿದ ಸುರುಳಿ." ಇನ್ನೇನು ಬೇಕು ನಿನಗೆ?

ಲಿಪಿಕಾರನ ಹಿಂದೆ ಗೇಟಿನವರೆಗೆ ಓಡಿದೆಯಂತೆ. ಯಾಕಕ್ಕಾ? ಗುರುವಾರ ಊಟಕ್ಕೆ ಏನಾದರೂ ವಿಶೇಷ ಮಾಡಿದ್ದೆಯಾ?

ಲಾರಿ ಅಕ್ಟೋಬರ್ 29ರ ಗುರುವಾರ ನಿಮ್ಮ ಊರಿಗೆ ಬರುತ್ತದೆ. ಓಡಿಸುವವನು ಬ್ರೂನೊ, ಇಟಲಿಯವನು, ಕನ್ನಡಿ ಬೀರುಗಳನ್ನು ಒಂದು ಗೀರು ಬೀಳದೆ ಸಾಗಿಸುವವನು. ನಾನು ಬರಲಾಗದು. ತಿಂಗಳ ಕೊನೆ, ಅಂಗಡಿ, ನನ್ನ ಬೆನ್ನು ಬೇರೆ. ಅಮ್ಮನನ್ನು ಮಣ್ಣು ಮಾಡಿದಾಗ ಬಂದವನು ಆಮೇಲೆ ಬರಲೇ ಇಲ್ಲ ಎಂದು ನೀನು ಹಲ್ಲು ಕಡಿಯುತ್ತಿರುವುದು ಇಲ್ಲಿಗೇ ಕೇಳುತ್ತಿದೆ. ಬರುತ್ತೇನೆ, ಒಂದು ದಿನ.

ಆಮಂತ್ರಣ ಹಂಚಿಯಾಗಿದೆ ಅಕ್ಕಾ. ಹೌದೋ ಅಲ್ಲವೋ, ಒಂದೇ ಪದ ಬರೆ. ಅಂಚೆಗೆ ಹಾಕು.

ನಹೂಮ್

*

ಲಾಸ್ ತಾಲಾಸ್
14 ಅಕ್ಟೋಬರ್ 1959, ಬುಧವಾರ

ತಮ್ಮಾ ನಹೂಮ್,

ಉತ್ತರಕ್ಕೆ ತಡವಾಯಿತು. ಹೊಸ ವರ್ಷಕ್ಕೂ ಪ್ರಾಯಶ್ಚಿತ್ತದ ದಿನಕ್ಕೂ ಊರೆಲ್ಲ ಲಾರಿ ಹತ್ತಿ ದೊಡ್ಡ ಕಾಲೊನಿಗೆ ಹೋಗಿದ್ದೆವು. ಈಗ ಪ್ರತಿ ವರ್ಷ ಹಾಗೆಯೇ. ನಿನ್ನೆಯಿಂದ ಮುಂದಿನ ಹಬ್ಬಕ್ಕೆ ಪರ್ಣಶಾಲೆ ಕಟ್ಟುವ ಗಲಾಟೆ. ಕಾಂಡಿದೊ ಕೊಂಬೆ ಕಡಿದು ತರುತ್ತಾನೆ, ಆಡು ಅದನ್ನು ತಿನ್ನುತ್ತದೆ.

"ಗೆಟ್ಸೆಲ್ ಉಳಿಸಿದ ಸುರುಳಿ" ಎಂದು ನೀನು ಬರೆದದ್ದನ್ನು ಹಲವು ಸಲ ಓದಿದೆ. ಆ ಮಾತಿಗಾಗಿ ನಿನ್ನ ಕೆನ್ನೆಗೆ ಮುತ್ತಿಡುತ್ತೇನೆ. ಆದರೆ ಇನ್ನೇನು ಬೇಕು ಎಂದು ಕೇಳಿದ್ದೀಯಲ್ಲ, ಅದನ್ನು ಹೇಳುತ್ತೇನೆ.

ಸುರುಳಿ ಸರಿಯಿದೆ ಎಂದಾದ ಮೇಲೆ ಅದನ್ನು ಇನ್ನೂ ಒಂದು ಸಲವೂ ಓದಿಲ್ಲ. ಕಪಾಟಿನಲ್ಲಿ ಮುಂದೆ ನಿಂತಿದೆ, ಹೊಸ ಅಂಗಿ ತೊಟ್ಟು, ಹೊರಡಲು ಸಿದ್ಧವಾದವರ ಹಾಗೆ. ಯಾಕೆ ಓದಿಲ್ಲ ಎಂದು ನೀನು ಕೇಳುವುದಿಲ್ಲ, ಊರು ಗಟ್ಟಿಯಾಗಿದೆ ಎಂದು ಸಂಘದಲ್ಲಿ ಹೇಳಿಬಿಟ್ಟಿದ್ದೀಯ. ಗಂಡಸರು ಗುರುವಾರ ಬರುತ್ತಾರೆ ಎಂದು ನಾನು ಬರೆದೆ, ಎಷ್ಟು ಜನ ಎಂದು ನೀನು ಕೇಳಲಿಲ್ಲ. ಹೆಶೆಲಣ್ಣ ಬಾಗಿಲಲ್ಲಿ ನಿಂತು ನಮ್ಮ ಪದ್ಧತಿಯಂತೆ ಎಣಿಸುತ್ತಾನೆ. ಮನುಷ್ಯರನ್ನು ನೇರವಾಗಿ ಎಣಿಸಬಾರದಲ್ಲ. "ಒಂದಲ್ಲ, ಎರಡಲ್ಲ, ಮೂರಲ್ಲ..." ಎಂದು ಹೋಗಿ "ಒಂಬತ್ತಲ್ಲ" ಎಂಬಲ್ಲಿ ನಿಲ್ಲುತ್ತಾನೆ. ರಸ್ತೆ ನೋಡುತ್ತಾನೆ. ರಸ್ತೆಯಲ್ಲಿ ಕಾಂಡಿದೊನ ನಾಯಿ ಬರುತ್ತಿರುತ್ತದೆ. ಷ್ಮೆರೆಲ್ ಇದ್ದಾಗ ಹತ್ತಾಗುತ್ತಿತ್ತು. ಪಾಸ್ಕ ಹಬ್ಬದಿಂದ ಒಂಬತ್ತೇ. ಒಂಬತ್ತು ಜನ ಪ್ರಾರ್ಥಿಸಬಹುದು, ಹತ್ತು ಗಂಡಸರಿಲ್ಲದೆ ಸುರುಳಿ ಹೊರಗೆ ತೆಗೆಯುವ ಹಾಗಿಲ್ಲ. ಚಿಕ್ಕದನ್ನೂ ಅಂದಿನಿಂದ ತೆಗೆದಿಲ್ಲ.

ರೆಬ್ ಫೀವೆಲ್‌ರ ಹಿಂದೆ ಓಡಿದ್ದು ಅದಕ್ಕೆ. ಅವರು ಗುರುವಾರ ಇದ್ದಿದ್ದರೆ ಹತ್ತಾಗುತ್ತಿತ್ತು. ಊಟವಲ್ಲ ನಹೂಮ್.

ಹಬ್ಬಕ್ಕೆ ದೊಡ್ಡ ಕಾಲೊನಿಗೆ ಹೋಗುವಾಗ ಸುರುಳಿಯನ್ನೂ ಲಾರಿಯಲ್ಲಿ ಒಯ್ದು ಅಲ್ಲಿ ಓದಿಸೋಣ ಎಂದೆ. ಹೆಶೆಲಣ್ಣ ಒಪ್ಪಲಿಲ್ಲ. "ಒಂದು ಓದಿಗಾಗಿ ಸುರುಳೀನ ಜನರ ಹತ್ರ ಹೊತ್ಕೊಂಡು ಹೋಗೋ ಹಾಗಿಲ್ಲ ತಂಗೀ. ಜನ ಅದರ ಹತ್ರ ಬರ್ಬೇಕು. ಅದು ರಾಜ, ಭಿಕ್ಷುಕ ಅಲ್ಲ" ಅಂದ. ನನಗೆ ಸಿಟ್ಟು ಬಂತು, ಅವನ ಮಾತು ನಿಜ ಎಂದೇ ಸಿಟ್ಟು ಬಂತು. ಹುಚ್ಚು ಹಿಡಿದ ನಾಯಿಯ ಹಾಗೆ ಎರಡು ದಿನ ಮನೆಯೊಳಗೆ ತಿರುಗಿದೆ.

ನಾನು ಮೊಂಡಿ ಎಂದು ನಿನಗೆ ಗೊತ್ತು, ಮೂರ್ಖಳಲ್ಲ. ಒಂಬತ್ತು ನಾಳೆ ಎಂಟಾಗುತ್ತದೆ. ಹೆಶೆಲಣ್ಣನಿಗೆ ಎಪ್ಪತ್ತು ದಾಟಿದೆ. ಸುರುಳಿಯನ್ನು ಇಲ್ಲೇ ಕಪಾಟಿನಲ್ಲಿ ಕೂಡಿಹಾಕಿದರೆ ನನ್ನ ಕಪಾಟೂ ನಿನ್ನ ಗಾಜೂ ಒಂದೇ, ನನ್ನದು ಕತ್ತಲು, ನಿನ್ನದು ಬೆಳಕು, ಅಷ್ಟೇ ವ್ಯತ್ಯಾಸ. ಪಾರಾನಾದಲ್ಲಿ ಹೊಸ ಮದುವೆಯಾದ ಹುಡುಗರು ಸೇರಿ ಒಂದು ಕೋಣೆಯಲ್ಲಿ ಪ್ರಾರ್ಥಿಸುತ್ತಾರೆ, ಸ್ವಂತ ಸುರುಳಿ ಇಲ್ಲ, ಸಾಲ ತಂದು ಓದುತ್ತಾರೆ ಎಂದು ರೆಬ್ ಫೀವೆಲ್ ಹೇಳಿ ಹೋದರು. ಅದೂ ನನ್ನ ತಲೆಯಲ್ಲಿದೆ. ಅಲ್ಲಿ ಒಂದು ಓದಿಗಲ್ಲ, ಇರುವುದಕ್ಕೇ ಹೋಗುತ್ತದೆ. ಹಾಗಾದರೆ ಹೆಶೆಲಣ್ಣನೂ ಬೇಡ ಅನ್ನುವುದಿಲ್ಲ.

ಆದರೆ ಎಲ್ಲಿಗೆ ಹೋಗುವ ಮೊದಲೂ ಒಂದು ಸಲ ಇಲ್ಲಿ ಓದಬೇಕು. ನಮ್ಮವರು ತಂದು ಇಟ್ಟ ಜಾಗದಲ್ಲಿ, ಅದನ್ನು ಹಿಂದಕ್ಕೆ ಸರಿಸಿದ ಗಂಡಸರ ಎದುರು. ಅವರಲ್ಲಿ ನಾಲ್ವರು ಇನ್ನೂ ಇದ್ದಾರೆ, ಅವರೂ ಅದನ್ನೇ ಕಾಯುತ್ತಿದ್ದಾರೆ, ಬಾಯಿ ಬಿಟ್ಟು ಹೇಳುವುದಿಲ್ಲ. ನಿನ್ನ ಲಾರಿ ಬರುವ ಗುರುವಾರ ಓದುವ ಭಾಗ ಯಾವುದು ಗೊತ್ತೆ? ಹಬ್ಬಗಳು ಮುಗಿದು ಸುರುಳಿ ಮತ್ತೆ ಮೊದಲಿಗೆ ಬಂದಿರುತ್ತದೆ. ಬೆಳಕು ಹುಟ್ಟುವಲ್ಲಿಂದ ಶುರುವಾಗಿ ನೀರೆಲ್ಲ ಒಂದು ಕಡೆ ಸರಿದು ಒಣನೆಲ ಕಾಣುವವರೆಗೆ. ಹೆಶೆಲಣ್ಣ ಈಗಲೇ ಹಸು ಮೇಯಿಸುತ್ತಾ ರಾಗ ತೆಗೆದು ಅಭ್ಯಾಸ ಮಾಡುತ್ತಿದ್ದಾನೆ.

ಬ್ರೂನೊ ಒಳ್ಳೆಯವನಿರಬಹುದು, ಅವನಿಗೆ ಊಟ ಹಾಕುತ್ತೇನೆ, ಆದರೆ ಯೆಹೂದಿಯಲ್ಲದ ಅವನಿಂದ ಹತ್ತಾಗುವುದಿಲ್ಲ. ಸಬ್ಬತ್ ಮುರಿದು ಶನಿವಾರ ಅಂಗಡಿ ತೆರೆಯುವವನಿಂದಲೂ ಆಗುತ್ತದೆ. ಎಣಿಸುವಾಗ ಹೆಶೆಲಣ್ಣ ಯಾರ ಅಂಗಡಿಯನ್ನೂ ಕೇಳುವುದಿಲ್ಲ. ಬೆನ್ನು ನೋವಿದ್ದರೆ ಕೂತುಕೊಳ್ಳಲು ಬೆಂಚಿದೆ, ಒರಗಿಕೊಳ್ಳಲು ಗೋಡೆಯಿದೆ.

ಓದಿ ಮುಗಿಯಲಿ. ಆಮೇಲೆ, ಓದು ಕೇಳಿದವನು ಅದರ ಮುಂದೆ ನಿಂತು, ಇನ್ನೂ ಗಾಜೇ ಬೇಕು ಎಂದು ನನ್ನ ಮುಖ ನೋಡಿ ಹೇಳಿದರೆ, ನಾನು ಅಳದೆ ಅಂಗಿ ತೊಡಿಸಿ ಅವನ ತೋಳಿಗೆ ಕೊಡುತ್ತೇನೆ. ಹೇಳಲಾಗದಿದ್ದರೆ ನಿನ್ನ ಕನ್ನಡಕದವರಿಗೆ ನಮ್ಮವರ ಪಟ್ಟಿಯನ್ನೂ ಹಳೆಯ ಅಂಗಿಯನ್ನೂ ಕಳಿಸುತ್ತೇನೆ. ಊರಿತ್ತು ಎನ್ನುವುದಕ್ಕೆ ಅಷ್ಟು ಸಾಲದೆ?

ಹೌದೋ ಅಲ್ಲವೋ, ಒಂದೇ ಪದ ಬರೆದು ಅಂಚೆಗೆ ಹಾಕು ಅಂದೆಯಲ್ಲ. ಹಾಕುವುದಿಲ್ಲ. ಆ ಪದ ನನ್ನ ಹತ್ತಿರವೇ ಇನ್ನೂ ಇಲ್ಲ. ಗುರುವಾರ ಓದಿ ಮುಗಿಯುವ ಹೊತ್ತಿಗೆ ಇರುತ್ತದೆ. ಲಾರಿ ಬುಧವಾರ ಕತ್ತಲಾಗುವ ಮೊದಲೇ ಬರಲಿ, ಹೊಳೆಯ ದಾರಿ ಕೆಸರು. ಬ್ರೂನೊನ ಪಕ್ಕದ ಸೀಟಿನಲ್ಲಿ ಹದಿಮೂರು ದಾಟಿದ ಒಬ್ಬ ಯೆಹೂದಿ ಗಂಡಸು ಇರಲಿ, ಯಾರಾದರೂ ಸರಿ. ನನ್ನ ಉತ್ತರ ತೆಗೆದುಕೊಂಡು ಹೋಗಲು ಅವನನ್ನು ಕಳಿಸು.

ನಿನ್ನ ಅಕ್ಕ
ಮಿರೆಲ್